ನಷ್ಟದ ಅಂಕಿಯನ್ನು ಬಿಡಿಸಿ ನೋಡಿದ ನನ್ನ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಹಲವು ಅಂಗಡಿಗಳ ಲೆಕ್ಕಪತ್ರ ಮತ್ತು ಜಿಎಸ್‌ಟಿ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. 2023ರ ಅಕ್ಟೋಬರ್ ಕೊನೆಯಲ್ಲಿ ಮಾಮಾಅರ್ಥ್ ಎಂಬ ಸೌಂದರ್ಯ ಸಾಮಗ್ರಿ ಬ್ರ್ಯಾಂಡಿನ ಹೊನಾಸಾ ಕನ್ಸ್ಯೂಮರ್ ಕಂಪನಿ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಲು ಹೊರಟಾಗ, ಫ್ಯಾನ್ಸಿ ಸ್ಟೋರಿನ ಮಾಲೀಕರೊಬ್ಬರು, "ಇವರ ಮಾಲು ನನ್ನಲ್ಲಿ ಚೆನ್ನಾಗಿಯೇ ಹೋಗುತ್ತದೆ, ಆದರೆ ಕಂಪನಿ ಲುಕ್ಸಾನಿನಲ್ಲಿದೆಯಂತೆ, ನೀವೇ ನೋಡಿ ಹೇಳಿ" ಎಂದರು.

ಷೇರು ಮಾರುವ ಮುನ್ನ ಕಂಪನಿ ಹೊರಡಿಸುವ ವಿವರಪತ್ರವಾದ ಪ್ರಾಸ್ಪೆಕ್ಟಸ್ ತೆರೆದು ಮೂರು ವರ್ಷಗಳ ಅಂಕಿಗಳನ್ನು ಬರೆದುಕೊಂಡೆ. 2020–21ರಲ್ಲಿ 1,332 ಕೋಟಿ ರೂಪಾಯಿ ನಷ್ಟ, ಮರುವರ್ಷ 14 ಕೋಟಿ ಲಾಭ, 2022–23ರಲ್ಲಿ ಮತ್ತೆ 151 ಕೋಟಿ ನಷ್ಟ. ಅದೇ ಅವಧಿಯಲ್ಲಿ ಮಾರಾಟ ಮಾತ್ರ 460 ಕೋಟಿಯಿಂದ 943ಕ್ಕೆ, ಅಲ್ಲಿಂದ 1,493 ಕೋಟಿಗೆ ಏರಿತ್ತು. 460 ಕೋಟಿ ವ್ಯಾಪಾರ ಮಾಡಿದವರು 1,332 ಕೋಟಿ ಕಳೆದುಕೊಳ್ಳುವುದು ಹೇಗೆ ಎಂಬುದು ನನ್ನನ್ನು ಕಾಡಿದ ಮೊದಲ ಪ್ರಶ್ನೆ.

ಉತ್ತರ ಟಿಪ್ಪಣಿಗಳಲ್ಲಿ ಸಿಕ್ಕಿತು. ಹೂಡಿಕೆದಾರರಿಗೆ ಕೊಟ್ಟಿದ್ದ, ಮುಂದೆ ಸಾಮಾನ್ಯ ಷೇರಾಗಿ ಬದಲಾಗುವ ಆದ್ಯತಾ ಷೇರುಗಳನ್ನು ಲೆಕ್ಕದ ನಿಯಮದಂತೆ ಹೊಣೆಯೆಂದು, ಅಂದರೆ ಸಾಲದಂತೆ, ತೋರಿಸಲಾಗಿತ್ತು. ಕಂಪನಿಯ ಮೌಲ್ಯ ಏರಿದಷ್ಟೂ ಆ ಹೊಣೆ ಬೆಳೆದು, ಏರಿಕೆಯೆಲ್ಲ ನಷ್ಟವಾಗಿ ದಾಖಲಾಗಿತ್ತು. ಇದನ್ನು ಮಾಲೀಕರಿಗೆ ನಮ್ಮ ಗಂಜಿನ (ಧಾನ್ಯದ ಮಾರುಕಟ್ಟೆಯ) ಉದಾಹರಣೆಯಿಂದಲೇ ವಿವರಿಸಿದೆ: ನೂರು ಚೀಲ ತೊಗರಿ ಸಾಲ ತಂದವನು ತೊಗರಿಯನ್ನೇ ಹಿಂದಿರುಗಿಸಬೇಕಾದರೆ, ದರ ಏರಿದಾಗ ಅವನ ಗಲ್ಲಾಪೆಟ್ಟಿಗೆಯಿಂದ ಒಂದು ರೂಪಾಯಿಯೂ ಹೋಗದಿದ್ದರೂ ಖಾತೆಯಲ್ಲಿ ಸಾಲ ಹಿಗ್ಗುತ್ತದೆ.

2022–23ರ ನಷ್ಟದ ಬಗೆ ಬೇರೆ. ತಾವೇ ಖರೀದಿಸಿದ್ದ, ತಾಯಂದಿರಿಗಾಗಿ ಇದ್ದ ಮಾಮ್‌ಸ್ಪ್ರೆಸೊ ಜಾಲತಾಣ ವ್ಯವಹಾರದ ಗುಡ್‌ವಿಲ್ (ಆಸ್ತಿಯ ಬೆಲೆಗಿಂತ ಹೆಚ್ಚಾಗಿ ತೆತ್ತ ಮೊತ್ತ) ಮತ್ತಿತರ ಅಮೂರ್ತ ಆಸ್ತಿಗಳ ಮೌಲ್ಯವನ್ನು 150 ಕೋಟಿಗೂ ಹೆಚ್ಚು ತಗ್ಗಿಸಿದ್ದರು. ಅದನ್ನು ತೆಗೆದಿಟ್ಟರೆ ಆ ವರ್ಷ ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನುವ ಹಂತಕ್ಕೆ ಬರುತ್ತದೆ. ಆದರೂ ಇದನ್ನು ನಾನು ಮನ್ನಾ ಮಾಡಲಿಲ್ಲ. ಆ ವರ್ಷ ನಗದು ಹೋಗಿರದಿದ್ದರೂ, ಹಿಂದೊಮ್ಮೆ ದುಬಾರಿ ಬೆಲೆ ತೆತ್ತದ್ದು ನಿಜ, ಮತ್ತು ಅದು ಆಡಳಿತದವರ ನಿರ್ಧಾರದ ಗುಣವನ್ನು ತೋರಿಸುತ್ತದೆ.

ಇಷ್ಟನ್ನು ಬೇರ್ಪಡಿಸಿದ ಮೇಲೆ ಉಳಿದದ್ದೇ ಅಸಲು ವ್ಯಾಪಾರ. ನೂರು ರೂಪಾಯಿ ಮಾರಾಟದಲ್ಲಿ ಸರಕಿನ ಖರ್ಚು ಕಳೆದು ಸುಮಾರು 70 ರೂಪಾಯಿ ಉಳಿಯುತ್ತಿತ್ತು. ಅದರಲ್ಲಿ 35ರಷ್ಟು ಜಾಹೀರಾತಿಗೇ ಹೋಗುತ್ತಿತ್ತು. ಸೌಂದರ್ಯ ಸಾಮಗ್ರಿಯ ಹೊಸ ಕಂಪನಿಗಳಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಈ ಸಾಲಿನ ಮುಂದೆಯೇ, ಏಕೆಂದರೆ ಮಾರಾಟ ಬೆಳೆದಂತೆ ಜಾಹೀರಾತಿನ ಪಾಲು ಇಳಿಯದಿದ್ದರೆ ಗಿರಾಕಿ ತಾನಾಗಿ ಮರಳಿ ಬರುತ್ತಿಲ್ಲ ಎಂದೇ ಅರ್ಥ.

2023–24ರಲ್ಲಿ ಕಂಪನಿಗೆ ಸುಮಾರು 110 ಕೋಟಿ ಲಾಭ ಬಂದಾಗ, ಅಸಲು ವ್ಯಾಪಾರ ನಷ್ಟದ್ದಲ್ಲ ಎಂಬ ನನ್ನ ಓದು ಸರಿಯೆನಿಸಿತು. ಆದರೆ 2024ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಮತ್ತೆ ಸುಮಾರು 19 ಕೋಟಿ ನಷ್ಟ ಕಾಣಿಸಿತು. ಸೂಪರ್ ಸ್ಟಾಕಿಸ್ಟರನ್ನು (ಕಂಪನಿ ಮತ್ತು ವಿತರಕರ ನಡುವಿನ ದೊಡ್ಡ ಸಗಟುದಾರರನ್ನು) ಬಿಟ್ಟು ನೇರ ವಿತರಕರ ಕಡೆಗೆ ಹೊರಳುವಾಗ, ನಡುವೆ ಮಾರಾಟವಾಗದೆ ಉಳಿದಿದ್ದ ದಾಸ್ತಾನನ್ನು ಲೆಕ್ಕದಲ್ಲಿ ಸರಿಪಡಿಸಿದ್ದು ಇದಕ್ಕೆ ಕಾರಣ. ಕಂಪನಿಯ ಪುಸ್ತಕದಲ್ಲಿ ಮಾರಾಟವಾದ ಮಾಲು ಗಿರಾಕಿಯ ಕೈ ಸೇರಿದೆಯೇ ಎಂಬುದನ್ನು ನಾನು ಕೇಳಿಕೊಂಡಿರಲಿಲ್ಲ. ವಿತರಕರ ಲೆಕ್ಕ ಬರೆಯುವವನಾಗಿ, ಮಾರ್ಚ್ ಕೊನೆಯ ವಾರದಲ್ಲಿ ಗೋದಾಮಿಗೆ ಹೆಚ್ಚುವರಿ ಪೆಟ್ಟಿಗೆಗಳು ಬಂದಿಳಿಯುವುದನ್ನು ಪ್ರತಿ ವರ್ಷ ನೋಡುತ್ತಿದ್ದರೂ ಈ ಪ್ರಶ್ನೆ ಹೊಳೆಯದೆ ಹೋದದ್ದು ನನ್ನ ಲೋಪ.

ಈಗ ಯಾವುದೇ ಕಂಪನಿಯ ಹಳೆಯ ಲೆಕ್ಕ ನೋಡುವಾಗ ವಿತರಕರಿಂದ ಬರಬೇಕಾದ ಬಾಕಿ ಮಾರಾಟಕ್ಕಿಂತ ವೇಗವಾಗಿ ಬೆಳೆದಿದೆಯೇ ಎಂದು ಮೊದಲು ಪರಿಶೀಲಿಸುತ್ತೇನೆ, ಏಕೆಂದರೆ ಮಾಲು ಗೋದಾಮಿನಲ್ಲೇ ಕೂತರೆ ವಿತರಕರಿಂದ ಹಣ ಬರುವುದು ತಡವಾಗುತ್ತದೆ. ಮೊನ್ನೆ ಅದೇ ಫ್ಯಾನ್ಸಿ ಸ್ಟೋರಿನಲ್ಲಿ ಬೇರೊಂದು ಕಂಪನಿಯ ಫೇಸ್‌ವಾಶ್ ಟ್ಯೂಬನ್ನು ತಿರುಗಿಸಿ ನೋಡಿದೆ. ಒತ್ತಿ ಮುಚ್ಚಿದ ಅಂಚಿನ ಮೇಲೆ ಹದಿನಾಲ್ಕು ತಿಂಗಳ ಹಿಂದಿನ ತಯಾರಿಕೆಯ ತಾರೀಕು ಅಚ್ಚಾಗಿತ್ತು. ಅದರ ಹಿಂದಿನ ಸಾಲಿನಲ್ಲಿದ್ದ ಟ್ಯೂಬುಗಳ ಮೇಲೆಯೂ ಅದೇ ತಾರೀಕು. ಆ ಕಂಪನಿಯ ಮೂರು ವರ್ಷಗಳ ಬಾಕಿಯ ಅಂಕಿಗಳನ್ನು ಈಗ ಬರೆದುಕೊಳ್ಳುತ್ತಿದ್ದೇನೆ.