ಓದುವ ಪ್ರತಿಯ ಪೆನ್ಸಿಲ್ ಗೆರೆಗಳು

ನನ್ನ ಪ್ರತಿಯೊಂದು ಕಥೆಗೂ ಎರಡು ಪ್ರತಿಗಳಿವೆ. ಒಂದು ಪತ್ರಿಕೆಗೆ ಕಳುಹಿಸುವುದು, ಇನ್ನೊಂದು ಸಭೆಗೆ ಒಯ್ಯುವುದು. ಸಭೆಯ ಪ್ರತಿಯಲ್ಲಿ ಪದಗಳ ನಡುವೆ ಪೆನ್ಸಿಲಿನ ಓರೆ ಗೆರೆಗಳು, ಅಂಚಿನಲ್ಲಿ ನಿಮಿಷಗಳ ಲೆಕ್ಕ, ಅಲ್ಲಲ್ಲಿ ‘ಮದ್ದಳೆ’ ಎಂಬ ಒಂದೇ ಪದ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆಯ ಸುತ್ತಮುತ್ತ ಹನ್ನೊಂದು ವರ್ಷಗಳಿಂದ ಭಜನಾ ಮಂದಿರಗಳಲ್ಲಿ, ಗ್ರಂಥಾಲಯಗಳಲ್ಲಿ, ಶಾಲೆಗಳಲ್ಲಿ ಕಥೆ ಓದುತ್ತಿದ್ದೇನೆ, ಮಕ್ಕಳಿಗೆ ಬರವಣಿಗೆಯ ಶಿಬಿರ ನಡೆಸುತ್ತಿದ್ದೇನೆ, ಕರೆದಲ್ಲಿ ಹೋಗಿ ಮಾತನಾಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಎರಡನೆಯ ಪ್ರತಿ ಮೊದಲನೆಯದನ್ನು ಪೂರ್ತಿ ಬದಲಿಸಿಬಿಟ್ಟಿದೆ. ಅದು ಹೇಗೆ ಎಂದು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲ ಓದು ಒಂದು ಮಂದಿರದ ವಾರ್ಷಿಕೋತ್ಸವದಲ್ಲಿ. ಸಭಾ ಕಾರ್ಯಕ್ರಮ ಮುಗಿದು ಯಕ್ಷಗಾನ ಆರಂಭವಾಗುವ ನಡುವೆ ಇಪ್ಪತ್ತು ನಿಮಿಷ ಕೊಟ್ಟಿದ್ದರು. ಅಚ್ಚಾಗಿದ್ದ ಕಥೆಯನ್ನು ಹಾಗೆಯೇ ಓದಿದೆ. ಮುಗಿಸಿ ಕೆಳಗಿಳಿದಾಗ ಎದುರು ಸಾಲಿನಲ್ಲಿ ಕೂತಿದ್ದ ಹಿರಿಯ ಕೃಷಿಕರೊಬ್ಬರು ಹತ್ತಿರ ಬಂದು ಕೇಳಿದರು: “ಅಲ್ಲ ಅಕ್ಕ, ಕಮಲೆಯ ಜ್ವರ ಬಿಟ್ಟದ್ದು ಯಾವಾಗ?”

ನನ್ನ ಕಥೆಯ ಕಮಲೆಗೆ ಜ್ವರವೇ ಬಂದಿರಲಿಲ್ಲ. ಮನೆಗೆ ಹೋಗಿ ಕಥೆಯನ್ನು ಮತ್ತೆ ಬಿಚ್ಚಿದೆ. ಮೊದಲ ಪುಟದಲ್ಲಿ ಈ ವಾಕ್ಯವಿತ್ತು: ‘ಮೂರು ದಿನಗಳ ಹಿಂದೆ ಅಡಿಕೆ ಸುಲಿಯಲು ಬಂದು ಜ್ವರ ಹಿಡಿದು ಮಲಗಿದ್ದ ಕಮಲೆಯ ಗಂಡನ ತಮ್ಮನನ್ನು ನೋಡಲೆಂದು ಹೊಳೆ ದಾಟಿ ಹೋದ ಚನಿಯ ಮರಳಿ ಬರಲಿಲ್ಲ.’ ಕಣ್ಣಿನಲ್ಲಿ ಓದುವವರು ಒಮ್ಮೆ ಹಿಂದೆ ಹೋಗಿ ಸರಿಮಾಡಿಕೊಳ್ಳುತ್ತಾರೆ. ಕೇಳುವವರಿಗೆ ಹಿಂದೆ ಹೋಗುವ ದಾರಿಯಿಲ್ಲ. ‘ಜ್ವರ ಹಿಡಿದು ಮಲಗಿದ್ದ ಕಮಲೆಯ’ ಎಂದು ಕಿವಿಗೆ ಬಿದ್ದ ಕೂಡಲೇ ಅವರು ಕಮಲೆಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ಆಮೇಲೆ ಅವಳು ತೋಟಕ್ಕೆ ಹೋದಾಗ, ಹಟ್ಟಿಯ ಕೆಲಸ ಮಾಡಿದಾಗ, ಈ ಹೆಂಗಸು ಜ್ವರದಲ್ಲಿ ಇಷ್ಟೆಲ್ಲ ದುಡಿಯುತ್ತಿದ್ದಾಳಲ್ಲ ಎಂದು ಕೊನೆಯವರೆಗೂ ಮರುಗುತ್ತ ಕೂತಿದ್ದರು. ಅಷ್ಟು ಗಮನವಿಟ್ಟು ನನ್ನ ಕಥೆಯನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ.

ಆ ರಾತ್ರಿ ವಾಕ್ಯವನ್ನು ಒಡೆದೆ. ‘ಕಮಲೆಯ ಮೈದುನ ಅಡಿಕೆ ಸುಲಿಯಲು ಬಂದವನು. ಬಂದ ದಿನವೇ ಜ್ವರ ಹಿಡಿದು ಮಲಗಿದ. ಮೂರನೆಯ ದಿನ ಅವನನ್ನು ನೋಡಲು ಚನಿಯ ಹೊಳೆ ದಾಟಿ ಹೋದ. ಹೋದವನು ಬರಲಿಲ್ಲ.’ ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ಬರುವವರೆಗೆ ಕೇಳುಗರು ಹಿಂದಿನದನ್ನೆಲ್ಲ ಕೈಯಲ್ಲಿ ಹಿಡಿದುಕೊಂಡು ಕಾಯಬೇಕು. ಎಷ್ಟು ಹೊರಿಸಬಹುದು ಎಂಬ ಅಂದಾಜು ನನಗೆ ಸಿಕ್ಕಿದ್ದು ಗಟ್ಟಿಯಾಗಿ ಓದಿ ಓದಿಯೇ. ಈಗ ಒಂದು ಉಸಿರಿಗೆ ಒಂದು ಗೆರೆ ಎಳೆಯುತ್ತೇನೆ. ಒಂದು ವಾಕ್ಯದಲ್ಲಿ ಮೂರು ಗೆರೆಗಳಿಗಿಂತ ಹೆಚ್ಚಾದರೆ ಅಚ್ಚಿನ ಪ್ರತಿಯಲ್ಲೂ ಅದನ್ನು ಒಡೆಯುತ್ತೇನೆ.

ಇಲ್ಲಿ ಬರಹಗಾರರು ಊರಿನ ಕಲೆಗಳ ಕಾಲಗಣನೆಯನ್ನು ತಿಳಿದಿರಬೇಕು. ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಯ ವಾರದಲ್ಲಿ, ಪತ್ತನಾಜೆ. ಆ ದಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಮಳೆ ಹಿಡಿದ ಮೇಲೆ ಕಲೆ ಮನೆಯ ಚಾವಡಿಗೂ ಮಂದಿರದ ಒಳಗೂ ಬಂದು ಕೂರುತ್ತದೆ. ತಾಳಮದ್ದಳೆ, ಗಮಕ, ಪುರಾಣ ವಾಚನ ನಡೆಯುವುದು ಆಗ. ಪಕ್ಕದ ಮಲಯಾಳಿ ಮನೆಗಳಲ್ಲಿ ಕರ್ಕಾಟಕ ತಿಂಗಳಿಡೀ ರಾಮಾಯಣ ಓದುತ್ತಾರೆ. ಇಡೀ ಊರು ಕೇಳಲು ಸಿದ್ಧವಾಗಿ ಕೂತಿರುವ ಈ ಎರಡು ತಿಂಗಳನ್ನು ನಾನು ಮೊದಲಿನ ಮೂರು ವರ್ಷ ಸುಮ್ಮನೆ ಬಿಟ್ಟಿದ್ದೆ. ಜಾತ್ರೆಯ ವೇದಿಕೆಗಳಲ್ಲಿ ಧ್ವನಿವರ್ಧಕಗಳ ಗದ್ದಲದ ನಡುವೆ ಓದಿ ಗಂಟಲು ಕೆಡಿಸಿಕೊಂಡಿದ್ದೆ. ಈಗ ನನ್ನ ಓದುಗಳಲ್ಲಿ ಹೆಚ್ಚಿನವು ತುಳುವರ ಮಳೆಯ ತಿಂಗಳಾದ ಆಟಿಯಲ್ಲಿ.

ಓದಿನ ರೂಪವನ್ನೂ ತಾಳಮದ್ದಳೆಯಿಂದಲೇ ಪಡೆದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಅರ್ಥ ಹೇಳುತ್ತಾರೆ. ಅವರು ಮಾತನಾಡುವುದು ಎದುರಿನ ಪಾತ್ರದೊಂದಿಗೆ, ಸಭೆ ಅದನ್ನು ಕೇಳಿಸಿಕೊಳ್ಳುತ್ತದೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಜನಕನೆನಿಸಿದ ಕವಿ ಪಾರ್ತಿಸುಬ್ಬ ಕುಂಬಳೆಯವನು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥವನ್ನು ಕೇಳಿದವರು ಇಂದಿಗೂ ನಮ್ಮ ಸಭೆಗಳಲ್ಲಿ ಕೂತಿರುತ್ತಾರೆ. ಅಂಥ ಕಿವಿಗಳ ಮುಂದೆ ತಲೆ ತಗ್ಗಿಸಿಕೊಂಡು ಹಾಳೆ ಓದುವುದು ಮರ್ಯಾದೆಯಲ್ಲ ಎನಿಸಿತು. ಹಾಗಾಗಿ ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡೆ. ಇಬ್ಬರೂ ಎದುರುಬದುರು ಚಾಪೆಯ ಮೇಲೆ ಕೂರುತ್ತೇವೆ. ನಡೆದದ್ದನ್ನು ನಾನು ಹೇಳುತ್ತೇನೆ, ಪಾತ್ರದ ಮನಸ್ಸಿನಲ್ಲಿರುವುದನ್ನು ಅವಳು ಹೇಳುತ್ತಾಳೆ. ಪಕ್ಕದಲ್ಲಿ ನಮ್ಮೂರಿನ ಮದ್ದಳೆಗಾರರು. ಹಾಡಿಲ್ಲ. ದೃಶ್ಯ ಬದಲಾಗುವಲ್ಲಿ ಮದ್ದಳೆಯ ಒಂದು ಸಣ್ಣ ನುಡಿತ, ಬಿಡ್ತಿಗೆ, ಅಷ್ಟೇ.

ಹೀಗೆ ಹಂಚಿಕೊಂಡು ಓದಿದಾಗ ಬರವಣಿಗೆಯ ದೋಷ ಥಟ್ಟನೆ ಕಾಣುತ್ತದೆ. ಒಂದು ಕಥೆಯಲ್ಲಿ ಗೆಳತಿಗೆ ಓದಲು ಎರಡು ಪುಟಗಳವರೆಗೆ ಏನೂ ಇರಲಿಲ್ಲ. ಅವಳು ಸುಮ್ಮನೆ ನನ್ನ ಮುಖ ನೋಡುತ್ತ ಕೂತಿದ್ದಳು. ಅಂದರೆ ಆ ಎರಡು ಪುಟಗಳಲ್ಲಿ ನಾನು ಪಾತ್ರವನ್ನು ಮರೆತು ವಿವರಣೆ ಕೊಡುತ್ತಿದ್ದೆ. ಅವನ್ನು ತೆಗೆದುಹಾಕಿದೆ. ಕಥೆಗೆ ಏನೂ ಆಗಲಿಲ್ಲ.

ಸಮಯದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದು ಕಡೆ ಭಾಷಣಗಳು ಬೆಳೆದು, ಚೌಕಿಯಲ್ಲಿ ಬಣ್ಣ ಹಚ್ಚಿ ಕೂತ ಕಲಾವಿದರು ಕಾಯುತ್ತಿದ್ದಾಗ ನನಗೆ ಉಳಿದದ್ದು ಆರು ನಿಮಿಷ. ಗಾಬರಿಯಲ್ಲಿ ಕಥೆಯನ್ನು ನಡುವಿನಿಂದ ಓದಿದೆ. ಅಂದಿನಿಂದ ಐದು, ಹನ್ನೆರಡು, ಇಪ್ಪತ್ತೈದು ನಿಮಿಷಗಳ ಮೂರು ಓದುಗಳು ಚೀಲದಲ್ಲಿರುತ್ತವೆ. ಸಂಭಾವನೆಯನ್ನೂ ಮೊದಲೇ ಬಾಯಿಬಿಟ್ಟು ಕೇಳುತ್ತೇನೆ. ನನಗಲ್ಲದಿದ್ದರೂ ಮದ್ದಳೆಗಾರರಿಗೆ ಮತ್ತು ರಾತ್ರಿ ಬಸ್ ತಪ್ಪಿದ ಮೇಲಿನ ಆಟೋರಿಕ್ಷಾಕ್ಕೆ. ಶಾಲು, ಸ್ಮರಣಿಕೆ ಪ್ರೀತಿಯಿಂದ ಕೊಡುತ್ತಾರೆ, ಪ್ರೀತಿಯಿಂದ ತೆಗೆದುಕೊಳ್ಳುತ್ತೇನೆ. ಆದರೆ ಕಲಾವಿದರ ಒಂದು ದಿನದ ದುಡಿಮೆಗೆ ಶಾಲು ಬದಲಿಯಾಗುವುದಿಲ್ಲ.

ಮಕ್ಕಳ ಶಿಬಿರ ಏಪ್ರಿಲ್ ರಜೆಯಲ್ಲಿ, ಐದು ದಿನ. ಇಪ್ಪತ್ತನಾಲ್ಕು ಮಕ್ಕಳಿಗಿಂತ ಹೆಚ್ಚು ಸೇರಿಸಿಕೊಳ್ಳುವುದಿಲ್ಲ. ಎಲ್ಲರೂ ಕನ್ನಡ ಮಾಧ್ಯಮದಲ್ಲಿ ಓದುವವರೇ, ಆದರೆ ಮನೆಮಾತು ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಹೀಗೆ ಬೇರೆ ಬೇರೆ. ನಮ್ಮದು ಸಪ್ತಭಾಷೆಗಳ ನಾಡು ಎಂದು ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಮಕ್ಕಳ ನೋಟ್‌ಬುಕ್ ತೆರೆದರೆ ಆ ಏಳರಲ್ಲಿ ಆರು ಕಾಣೆಯಾಗಿರುತ್ತವೆ. ಆದ್ದರಿಂದ ಮೊದಲ ದಿನ ಬರೆಯುವುದೇ ಇಲ್ಲ. ಒಂದು ಎಳೆಯ ಹಲಸನ್ನು ಮಧ್ಯದಲ್ಲಿಟ್ಟು ಮನೆಯಲ್ಲಿ ಇದಕ್ಕೆ ಏನು ಹೇಳುತ್ತೀರಿ ಎಂದು ಕೇಳುತ್ತೇನೆ. ತುಳುವಿನ ಮಕ್ಕಳು ಗುಜ್ಜೆ ಎನ್ನುತ್ತಾರೆ, ಬೆಳೆದ ಮೇಲೆ ಅದು ಪೆಲಕಾಯಿ. ಮಲಯಾಳದವರು ಇಡಿಚಕ್ಕ ಎನ್ನುತ್ತಾರೆ, ಬೆಳೆದದ್ದು ಚಕ್ಕ. ಕೊಂಕಣಿಯ ಹುಡುಗಿ ಪಣಸು ಎಂದಳು. ಎಳೆಯದಕ್ಕೂ ಬೆಳೆದದ್ದಕ್ಕೂ ಹೆಸರು ಏಕೆ ಬೇರೆ ಎಂದು ಒಬ್ಬ ಕೇಳಿದರೆ ಇನ್ನೊಬ್ಬ ಉತ್ತರಿಸುತ್ತಾನೆ: “ಪಲ್ಯವೇ ಬೇರೆ ಅಲ್ಲವಾ ಟೀಚರ್.” ಅಷ್ಟರಲ್ಲಿ ಎಲ್ಲರೂ ಅಡುಗೆಯ ವಿಷಯ ಹೇಳತೊಡಗುತ್ತಾರೆ. ನಿಲ್ಲಿಸುವುದೇ ಕಷ್ಟ.

ಎರಡನೆಯ ದಿನ ಒಂದೇ ನಿಯಮ: ಕಥೆ ಕನ್ನಡದಲ್ಲಿ, ಮನೆಯವರ ಮಾತು ಮನೆಮಾತಿನಲ್ಲಿ, ಎಲ್ಲವೂ ಕನ್ನಡ ಲಿಪಿಯಲ್ಲಿ. ಏಳನೆಯ ತರಗತಿಯ ಹುಡುಗನೊಬ್ಬ ಮೊದಲು ಬರೆದದ್ದು, ‘ಅಜ್ಜಿಯು ನನ್ನನ್ನು ಭೋಜನ ಮಾಡಿದೆಯಾ ಎಂದು ಕೇಳಿದರು.’ ಅಜ್ಜಿಯನ್ನು ನೀನು ಏನೆಂದು ಕರೆಯುತ್ತೀ ಎಂದು ಕೇಳಿದೆ. “ಅಮ್ಮಮ್ಮ.” ಅಮ್ಮಮ್ಮ ಏನು ಕೇಳುತ್ತಾರೆ? ಅವನು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತ. ಭೋಜನದ ವಾಕ್ಯವನ್ನು ಹೊಡೆದುಹಾಕಿ ಬರೆದ: ‘ಅಮ್ಮಮ್ಮ ಬಾಗಿಲಲ್ಲೇ ಕೇಳಿದರು, “ಮೋನೆ, ಚೋರು ತಿನ್ನೋ?”’ ಅದನ್ನು ಓದಿ ಹೇಳುವಾಗ ಅವನ ದನಿಯೇ ಬೇರೆಯಾಯಿತು. ಬಾಗಿಲು ಎಂಬುದು ಎಲ್ಲಿಂದ ಬಂತು? ಹಿಂದಿನ ವಾಕ್ಯದಲ್ಲಿ ಬಾಗಿಲು ಇರಲಿಲ್ಲ. ಅಮ್ಮಮ್ಮನ ಮಾತು ಬಂದ ಕೂಡಲೇ ಅವರು ನಿಂತ ಜಾಗವೂ ಅವನಿಗೆ ಕಂಡಿತು. ಕೊನೆಯ ದಿನ ಹೆತ್ತವರ ಮುಂದೆ ಓದುವಾಗ ಆ ಅಮ್ಮಮ್ಮನೂ ಬಂದಿದ್ದರು. ಕನ್ನಡ ಪೂರ್ತಿ ತಿಳಿಯದು. ತಮ್ಮ ಮಾತು ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮನೆಮಾತು ಸೇರಿಸಿದರೆ ಕನ್ನಡ ಕೆಡುತ್ತದೆ ಎಂದು ವಾದಿಸುವ ಹಿರಿಯರಿದ್ದಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗಿನ ನೋವನ್ನು ಅವರು ಕಂಡವರು ಅಥವಾ ಕಂಡವರಿಂದ ಕೇಳಿದವರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಹೇಳಿದ್ದೂ ಅದು ಜಾರಿಯಾಗದೆ ಉಳಿದದ್ದೂ ಅವರಿಗೆ ಬಾಯಿಪಾಠ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ವೇದಿಕೆಯಿಂದ ವೇದಿಕೆಗೆ ಹೋಗಿ ಕನ್ನಡಕ್ಕಾಗಿ ಹಾಡಿದ ನೆಲ ಇದು. ಆದರೂ ನಾನು ಶಿಬಿರದಲ್ಲಿ ಕಂಡದ್ದೇ ಬೇರೆ. ಮಲಯಾಳ ಮನೆಮಾತಿನ ಹುಡುಗ ಅಮ್ಮಮ್ಮನನ್ನು ಕನ್ನಡದ ಕಥೆಯೊಳಗೆ ಕರೆತಂದ ಮೇಲೆ ಕನ್ನಡದಲ್ಲಿ ಆರು ಪುಟ ಬರೆದ. ಅದಕ್ಕೆ ಮೊದಲು ಆರು ಸಾಲಿಗೆ ಅವನ ಕೈ ಸೋಲುತ್ತಿತ್ತು.

ಭಾಷಣಗಳ ಕಾಲ ಜೂನ್. ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ಅವರ ನೆನಪಿನಲ್ಲಿ ಜೂನ್ 19 ಕೇರಳದಲ್ಲಿ ವಾಚನಾ ದಿನ. ಆ ವಾರ ಕನ್ನಡ ಶಾಲೆಗಳೂ ಕರೆಯುತ್ತವೆ. ಪ್ರಾಸವಿಲ್ಲದಿದ್ದರೆ ಅದು ಪದ್ಯವೇ ಎಂದು ಮಕ್ಕಳು ಕೇಳದ ವರ್ಷವಿಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ದ್ವಿತೀಯಾಕ್ಷರ ಪ್ರಾಸ ಬಿಟ್ಟು ಬರೆದರು, ನಿಮ್ಮ ಶಾಲೆಯಿಂದ ಬಸ್ಸಿನಲ್ಲಿ ಹೋಗಿ ಅವರ ಮನೆ ನೋಡಿ ಬರಬಹುದು ಎಂದಾಗ ಮಕ್ಕಳ ಕಣ್ಣು ಅರಳುತ್ತದೆ. ಹೆತ್ತವರ ಪ್ರಶ್ನೆ ಬೇರೆ: ಕನ್ನಡ ಕಲಿತರೆ ಕೆಲಸ ಸಿಗುತ್ತದೆಯೇ? ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಕೇರಳ ಲೋಕಸೇವಾ ಆಯೋಗ (ಪಿ.ಎಸ್‌.ಸಿ.) ಗುಮಾಸ್ತ ಹುದ್ದೆಗಳನ್ನು ಕರೆಯುತ್ತದೆ ಎಂದು ಹೇಳುತ್ತೇನೆ. ಅವು ಎಲ್ಲರಿಗೂ ಸಾಲುವಷ್ಟಿಲ್ಲ ಎಂಬುದನ್ನೂ ಹೇಳುತ್ತೇನೆ. ಮಕ್ಕಳ ಭವಿಷ್ಯದ ಮಾತಿನಲ್ಲಿ ಸುಳ್ಳು ಹೇಳಿ ಕನ್ನಡ ಉಳಿಸುವ ಮನಸ್ಸು ನನಗಿಲ್ಲ.

ನವೆಂಬರ್ 1ಕ್ಕೆ ಎರಡು ಕರೆಗಳು ಬರುತ್ತವೆ, ಬೆಳಿಗ್ಗೆ ಕೇರಳ ರಾಜ್ಯ ಹುಟ್ಟಿದ ದಿನದ ಕೇರಳಪ್ಪಿರವಿ, ಸಂಜೆ ಕನ್ನಡ ರಾಜ್ಯೋತ್ಸವ. ಎರಡಕ್ಕೂ ಹೋಗುತ್ತೇನೆ, ಎರಡು ಕಡೆಯೂ ಅದೇ ಕಥೆ ಓದುತ್ತೇನೆ. ಬೆಳಿಗ್ಗೆ ಕಥೆಯ ಸಾರವನ್ನು ಮಲಯಾಳದಲ್ಲಿ ಮೊದಲೇ ಹೇಳಿಬಿಟ್ಟರೆ ಆಮೇಲೆ ಕನ್ನಡದ ಓದನ್ನು ಅವರು ನಿಶ್ಶಬ್ದವಾಗಿ ಕೇಳುತ್ತಾರೆ.

ಈ ಆಟಿಗೆ ಕಮಲೆಯ ಕಥೆಯನ್ನೇ ಮತ್ತೆ ಓದುತ್ತಿದ್ದೇವೆ. ಮೊನ್ನೆ ಅಭ್ಯಾಸದಲ್ಲಿ ‘ಹೋದವನು ಬರಲಿಲ್ಲ’ ಎಂಬಲ್ಲಿ ನಾನು ಮದ್ದಳೆ ಎಂದು ಗುರುತು ಹಾಕಿದ್ದೆ. ಮದ್ದಳೆಗಾರರು ಕೈಯನ್ನು ಚರ್ಮದ ಮೇಲೆ ಹಾಗೆಯೇ ಇಟ್ಟುಕೊಂಡು ಹೇಳಿದರು: “ಇಲ್ಲಿ ಬೇಡ ಅಕ್ಕ. ಚನಿಯ ಹೊಳೆಗೆ ಕಾಲಿಡುವಾಗ ನುಡಿಸುತ್ತೇನೆ. ಆದರೆ ನೀವು ಹೊಳೆಯನ್ನು ಒಂದೇ ಮಾತಿನಲ್ಲಿ ದಾಟಿಸಿಬಿಟ್ಟಿದ್ದೀರಿ, ನನಗೆ ಕೈ ಇಡಲು ಜಾಗವಿಲ್ಲ. ಇನ್ನೆರಡು ವಾಕ್ಯ ಕೊಡಿ.” ಎರಡು ದಿನಗಳಿಂದ ಆ ಎರಡು ವಾಕ್ಯಗಳನ್ನು ಬರೆಯುತ್ತಿದ್ದೇನೆ, ಬಂದಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಅಡೂರಿಗೆ ಹೋಗಿ ಪಯಸ್ವಿನಿ ಹೊಳೆಯಲ್ಲಿ ನೀರು ಎಲ್ಲಿಯವರೆಗೆ ಏರಿದೆ ಎಂದು ನೋಡಿ ಬರುತ್ತೇನೆ.