ಕೃಷ್ಣೆಗೆ ಹೊರಗಿನ ಏಡಿ ಬಂದರೆ? ನಾನು ಅಂದಾಜು ಹಾಕಿದ ಬಗೆ

ಹೊರಗಿನ ಜಲಚರ ಹೊಸ ಜಾಗಕ್ಕೆ ಬಂದರೆ ಎಷ್ಟು ಅಪಾಯ ಅಂತ ಅಂಕ ಹಾಕಲು 55 ಪ್ರಶ್ನೆಗಳ ಒಂದು ಫಾರ್ಮ್ ಇದೆ. ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಆಲಮಟ್ಟಿ ಹಿನ್ನೀರಿಗೆ ಅಂತ ಚೀನಾದ ಮಿಟನ್ ಏಡಿಗೆ ಅದನ್ನು ತುಂಬಿದರೆ ಅಂಕ ಸರ್ರನೆ ಏರುತ್ತದೆ. ಬೇರೆ ಕಡೆ ಹಾನಿ ಮಾಡಿದೆಯಾ? ಮಾಡಿದೆ. 1912ರಲ್ಲೇ ಜರ್ಮನಿಯಲ್ಲಿ ಸಿಕ್ಕಿತ್ತು, ಆಮೇಲೆ ಥೇಮ್ಸ್ ದಡದಲ್ಲೂ ಬಿಲ ತೋಡಿತು. ಆದರೆ ಅದರ ಮರಿ ಬದುಕಲು ಉಪ್ಪುನೀರು ಬೇಕು. ಸಮುದ್ರದಿಂದ ಬಾಗಲಕೋಟೆಗೆ ಬರಬೇಕಾದರೆ ಪ್ರಕಾಶಂ ಬ್ಯಾರೇಜ್, ಪುಲಿಚಿಂತಲ, ನಾಗಾರ್ಜುನಸಾಗರ, ಶ್ರೀಶೈಲಂ, ಜುರಾಲಾ, ನಾರಾಯಣಪುರ, ಆಲಮಟ್ಟಿ ಎಲ್ಲ ದಾಟಬೇಕು. ಗೋಡೆ ಹತ್ತುವ ಪ್ರಾಣಿ ನಿಜ. ಆದರೂ ಮರಿ ಮಾಡೋಕೆ ಅದೇ ದಾರಿಯಲ್ಲಿ ವಾಪಸ್ ಹೋಗಬೇಕಲ್ವಾ?

ಅದಕ್ಕೇ ನಾನು ಮೊದಲು ಎರಡೇ ಪ್ರಶ್ನೆ ಇಟ್ಟುಕೊಂಡೆ. ಇಲ್ಲೇ ಮರಿ ಮಾಡುತ್ತಾ? ಇಲ್ಲಿಗೆ ಅದನ್ನು ತರುವವರು ಯಾರು? ಎರಡಕ್ಕೂ ಗಟ್ಟಿ ಉತ್ತರ ಸಿಕ್ಕರೆ ಮಾತ್ರ ಫಾರ್ಮ್ ಕೈಗೆತ್ತಿಕೊಳ್ಳುವುದು. ಜೊತೆಯವರು ಯಾರೂ ಒಪ್ಪಲಿಲ್ಲ, ಇಷ್ಟು ಸರಳ ಮಾಡಿದರೆ ನಡೆಯಲ್ಲ ಅಂದರು.

ಮೊದಲ ವರ್ಷದ ಖರ್ಚೆಲ್ಲ ನೀರಿನಲ್ಲಿ ಹೋಮ. ಹೊರಗಿನ ಏಡಿ ಈಗಾಗಲೇ ಬಂದಿದೆಯಾ ಅಂತ ನೋಡಲು ಮಡಚುವ ಬಲೆ ಇಪ್ಪತ್ತು ತರಿಸಿದೆ, ಒಂದಕ್ಕೆ ಆರುನೂರರ ಹತ್ತಿರ. ಜುಲೈ ಕೊನೆಗೆ ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ ಹಿನ್ನೀರು ಏರಿತು, ಎರಡೇ ರಾತ್ರಿಯಲ್ಲಿ ಹದಿನಾಲ್ಕು ಕೊಚ್ಚಿಹೋದವು. ಉಳಿದವನ್ನು ಆಮೆಗಳು ಹರಿದವು. ಆಮೇಲೆ ಬಲೆ ಬಿಟ್ಟು ಮೀನುಗಾರರ ಹಿಂದೆ ಬಿದ್ದೆ. ಬಲೆಗೆ ಸಿಕ್ಕ ಏಡಿಯನ್ನು ಅವರು ಹೇಗೂ ಬಿಸಾಡುತ್ತಾರೆ. ಒಂದು ಬೆಳಿಗ್ಗೆಗೆ ನೂರೈವತ್ತು ರೂಪಾಯಿ ಕೊಟ್ಟರೆ ಎಲ್ಲ ನನ್ನ ಬಕೆಟ್‌ಗೆ. ಎರಡು ವರ್ಷದಲ್ಲಿ ಸಾವಿರದ ಮೇಲೆ ಏಡಿ ನೋಡಿದ್ದೇನೆ, ಎಲ್ಲ ನಮ್ಮವೇ.

ಜೊತೆಗೆ, ಯಾವುದನ್ನು ನೋಡಿದ್ದೀರಿ ಅಂತ ಮೀನುಗಾರರನ್ನು ಕೇಳಲು ಐದು ಚಿತ್ರದ ಕಾರ್ಡ್ ಮಾಡಿಸಿದೆ. ಅದರಲ್ಲಿ ಒಂದು, ಇಲ್ಲಿ ಇರಲು ಸಾಧ್ಯವೇ ಇಲ್ಲದ ಸಮುದ್ರದ ಏಡಿ. ಅದನ್ನೂ "ನೋಡೀನ್ರಿ ಸರ" ಅಂದವರ ಉತ್ತರ ಪಕ್ಕಕ್ಕೆ. ನಲವತ್ತು ಮಂದಿಯಲ್ಲಿ ಎಂಟೊಂಬತ್ತು ಜನ ಹಾಗೆ ಬಿಟ್ಟುಹೋದರು. ಕಾರ್ಡ್ ತೋರಿಸುವ ಕ್ರಮದಲ್ಲಿ ಒಂದು ಗುಟ್ಟಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಹುಚ್ಚು ಹಿಡಿಯಿತು. ನಮ್ಮ ಏಡಿ ದಡವನ್ನು ಎಷ್ಟು ಕೊರೆಯುತ್ತದೆ ಅಂತ ಬಿಲಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದೆ. ಎರೆ ಮಣ್ಣು, ಬೇಸಿಗೆ. ಬಿಲ ಯಾವುದು, ಬಿರುಕು ಯಾವುದು? ಮೂರು ಚೀಲ ಹಿಟ್ಟು ಬಿರುಕೇ ಕುಡಿಯಿತು. ಮಳೆಗಾಲ ಮುಗಿದು ಮಣ್ಣು ಕೂಡಿಕೊಂಡ ಮೇಲೆ ಮಾಡಿದಾಗ ಆರು ಅಚ್ಚು ಚೆನ್ನಾಗಿ ಎದ್ದು ಬಂದವು. ಉದ್ದದ್ದು ನನ್ನ ತೋಳಿನಷ್ಟಿತ್ತು. ಈಗಲೂ ಮನೆಯಲ್ಲಿವೆ.

ನನ್ನ ಎರಡು ಪ್ರಶ್ನೆ ಸರಿನಾ ಅಂತ ನೋಡಲು, ಈಗಾಗಲೇ ಬಂದಿರುವ ಮೀನುಗಳ ಮೇಲೆ ಹಚ್ಚಿದೆ. ತಿಲಾಪಿಯಾ ದೇಶಕ್ಕೆ ಬಂದದ್ದು 1952ರಲ್ಲಿ. ಬಾಯಲ್ಲೇ ಮೊಟ್ಟೆ ಕಾಯುತ್ತದೆ, ನಿಂತ ನೀರಲ್ಲೂ ಮರಿ ಮಾಡುತ್ತದೆ, ತಂದು ಬಿಡುವವರೂ ಇದ್ದರು: ಅಪಾಯ. ಹುಲ್ಲುಗೆಂಡೆ ಬಂದದ್ದು 1959ರಲ್ಲಿ. ಅದನ್ನೂ ಬಿಡುತ್ತಲೇ ಬಂದಿದ್ದಾರೆ, ಆದರೆ ನಿಂತ ನೀರಲ್ಲಿ ಮೊಟ್ಟೆ ಇಡಲ್ಲ: ಕಡಿಮೆ. ಹಳೆಯ ಮೀನುಗಾರರನ್ನು ಕೇಳಿದೆ. ತಿಲಾಪಿಯಾ ಬೇಡ ಅಂದರೂ ಬಲೆ ತುಂಬ ಬರುತ್ತೆ, ಹುಲ್ಲುಗೆಂಡೆ ಮರಿ ಮಾತ್ರ ಪ್ರತಿ ವರ್ಷ ಕೊಂಡು ಬಿಡಬೇಕು ಅಂದರು. ಅವತ್ತಿನಿಂದ ಜೊತೆಯವರು ಸುಮ್ಮನಾದರು. ಈಗ ಇಬ್ಬರು ಇದೇ ದಾರಿ ಹಿಡಿದಿದ್ದಾರೆ.

ಇದೇ ಲೆಕ್ಕದಲ್ಲಿ ಮಿಟನ್ ಏಡಿ ಕೆಳಗಿಳಿಯಿತು, ಮೇಲೆ ಬಂದದ್ದು ಆಸ್ಟ್ರೇಲಿಯಾದ ರೆಡ್‌ಕ್ಲಾ ಕ್ರೇಫಿಶ್. ಸಿಗಡಿಯಂಥ ಮೈ, ಏಡಿಯಂಥ ಇಕ್ಕಳ. ಸಿಹಿನೀರಲ್ಲೇ ಮರಿ ಮಾಡುತ್ತದೆ, ತಾಯಿ ಮರಿಗಳನ್ನು ಹೊಟ್ಟೆಯಡಿ ಹೊತ್ತು ತಿರುಗುತ್ತದೆ. ತರುವವರು ಯಾರು ಅಂತ ಹುಡುಕಿಕೊಂಡು ಬೆಳಗಾವಿಯ ಒಂದು ಅಕ್ವೇರಿಯಂ ಅಂಗಡಿಗೆ ಹೋದರೆ ಕ್ರೇಫಿಶ್ ಜೋಡಿಗೆ ಐನೂರು ಚಿಲ್ಲರೆ. ದೊಡ್ಡದಾಗಿ ಮೀನು ತಿನ್ನೋಕೆ ಶುರು ಮಾಡಿದರೆ ಏನು ಮಾಡ್ತಾರೆ ಅಂತ ಕೇಳಿದೆ. "ಕೆರಿಗೆ ಬಿಡ್ತಾರ್ರಿ" ಅಂದ ಹುಡುಗ. ಈಗ ಕಾರ್ಡ್ ಹಿಡಿದು ಅಂಗಡಿ ಅಂಗಡಿ ತಿರುಗುತ್ತಿದ್ದೇನೆ. ಬೇಡವಾದದ್ದನ್ನು ವಾಪಸ್ ತಗೊಳ್ಳೋಕೆ ಇಲ್ಲಿಯವರೆಗೆ ಮೂವರು ಒಪ್ಪಿದ್ದಾರೆ.