ಜೀಪಿನ ಮಡ್ಗಾರ್ಡ್ ಕತ್ತರಿಸುವ ಮೊದಲು ಟಯರಿಗೆ ಸುಣ್ಣ ಹಚ್ಚಿ

ನಮ್ಮ ಮನೆ ಕಾಸರಗೋಡಿನ ಮುಳ್ಳೇರಿಯದಿಂದ ಒಳಗೆ. ಡಾಮರು ಮುಗಿದ ಮೇಲೂ ಒಂದೂವರೆ ಕಿಲೋಮೀಟರ್ ಗುಡ್ಡೆ ಇಳಿಯಬೇಕು. ಮಳೆಗಾಲದಲ್ಲಿ ಅದು ಅರ್ಧ ದಾರಿ, ಅರ್ಧ ತೋಡು. ಗೊಬ್ಬರ ತರಲಿಕ್ಕೂ ಅಡಿಕೆ ಸಾಗಿಸಲಿಕ್ಕೂ ಹಳೆಯ ಮಹೀಂದ್ರ ಎಂಎಂ 540 ಜೀಪ್ ಒಂದುಂಟು. ಅದರ 6.00-16 (ಆರು ಇಂಚು ಅಗಲ, 16 ಇಂಚಿನ ರಿಮ್) ಟಯರ್ ಸವೆದಾಗ ಆಸೆ ತಡೆಯದೆ 31 ಇಂಚಿನ, ಹತ್ತೂವರೆ ಇಂಚು ಅಗಲದ ಟಯರ್ ಹಾಕಿಸಿದೆ. "ಕೂರ್ತದೆ ಭಟ್ರೆ, ಏನೂ ತೊಂದರೆ ಇಲ್ಲ" ಅಂದ ಅಂಗಡಿಯವ. ಕೂತದ್ದು ಹೌದು. ಮನೆಯ ಕೆಳಗಿನ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್ಗಾರ್ಡಿನ ಅಂಚು ಕರ್ರನೆ ಟಯರನ್ನು ಹೆರೆಯಿತು.

ಹಳೆಯ ಟಯರಿನ ಎತ್ತರ ಸುಮಾರು 29 ಇಂಚು. ಹೊಸದು 31. ಅಂದರೆ ಆಕ್ಸಲಿನಿಂದ ಮೇಲಕ್ಕೆ ಹೆಚ್ಚಾದದ್ದು ಬರೇ ಒಂದು ಇಂಚು. ತೊಂದರೆ ಮಾಡಿದ್ದು ಎತ್ತರ ಅಲ್ಲ, ಅಗಲ. ಸ್ಟೇರಿಂಗಿಗೆ ಚಕ್ರ ತಿರುಗುವಾಗ ಅದರ ಹೊರಭುಜ, ಅಂದರೆ ಟಯರಿನ ಹೊರಬದಿಯ ಅಂಚು, ಹಿಂದಕ್ಕೂ ಮುಂದಕ್ಕೂ ದೊಡ್ಡ ವೃತ್ತ ಎಳೆಯುತ್ತದೆ. ಇದು ಗೊತ್ತಿಲ್ಲದವರು ಮಡ್ಗಾರ್ಡಿನ ನೆತ್ತಿಯನ್ನೇ ಕತ್ತರಿಸಿ ಬಿಡುತ್ತಾರೆ. ಆಮೇಲೂ ಟಯರ್ ತಾಗುತ್ತಲೇ ಇರುತ್ತದೆ.

ಹಾಗಾಗಿ ಕತ್ತರಿಸುವ ಜಾಗ ಎಲ್ಲಿ ಅಂತ ಟಯರಿನ ಬಾಯಲ್ಲೇ ಹೇಳಿಸಬೇಕು. ಅಪ್ಪನ ಎಲೆಪೆಟ್ಟಿಗೆಯಿಂದ ಸುಣ್ಣದ ಡಬ್ಬಿ ಎತ್ತಿ, ಸ್ವಲ್ಪ ನೀರು ಬೆರೆಸಿ, ಟಯರಿನ ಹೊರಭುಜಕ್ಕೆ ಸುತ್ತಲೂ ದಪ್ಪಕ್ಕೆ ಬಳಿದೆ. ಜೀಪಿನ ಹಿಂದೆ ನಾಲ್ಕು ಚೀಲ ಗೊಬ್ಬರ ಹಾಕಿದೆ. ಖಾಲಿ ಗಾಡಿಯಲ್ಲಿ ಅಳೆದರೆ ಪಟ್ಟೆ ಸ್ಪ್ರಿಂಗ್ ಕೂತಾಗ ಏನಾಗುತ್ತದೆಂದು ಗೊತ್ತಾಗುವುದಿಲ್ಲ. ಆಮೇಲೆ ಎಡಗಡೆಯ ಮುಂದಿನ ಚಕ್ರವನ್ನು ಅಂಗಳದ ಅಂಚಿನ ಮಣ್ಣಿನ ದರೆಗೆ ಹತ್ತಿಸಿ, ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸುತ್ತಾ ನಿಧಾನ ಹಿಂದೆ ಮುಂದೆ ಮಾಡಿದೆ. ಬಲಗಡೆಗೂ ಹಾಗೆಯೇ. ಇಳಿದು ನೋಡಿದರೆ ಮಡ್ಗಾರ್ಡಿನ ಹಿಂದಿನ ಕೆಳಮೂಲೆಯಲ್ಲಿ ಅಂಗೈಯಗಲ ಬಿಳಿ, ಮುಂದಿನ ತುದಿಯಲ್ಲಿ ಬೆರಳಗಲ. ನೆತ್ತಿಯಲ್ಲಿ ಏನೂ ಇಲ್ಲ! ಒಂದು ಮಾತು: ಚಕ್ರ ಎತ್ತಿಸಲಿಕ್ಕೆ ಕೆಂಪುಕಲ್ಲು ಪೇರಿಸಿ ಗಾಡಿಯ ಅಡಿಗೆ ನುಸುಳಬೇಡಿ. ಗೋಡೆಗೆ ಒಳ್ಳೆಯ ಕಲ್ಲು ಅದು, ಆದರೆ ಜೀಪಿನ ಭಾರಕ್ಕೆ ಸದ್ದಿಲ್ಲದೆ ಒಡೆಯುತ್ತದೆ.

ಸುಣ್ಣ ತಾಗಿದ ಗೆರೆಯಿಂದ ಆಚೆಗೆ ಒಂದೂವರೆ ಇಂಚು ಬಿಟ್ಟು ಗುರುತು ಹಾಕಿದೆ. ಒಂದು ಇಂಚು ಸಾಕು ಅನ್ನುವವರು ಇದ್ದಾರೆ. ಅವರು ನಮ್ಮ ಕೆಂಪುಮಣ್ಣಿನಲ್ಲಿ ಜುಲೈ ತಿಂಗಳು ಜೀಪ್ ಓಡಿಸಿದವರಲ್ಲ. ಇಲ್ಲಿ ಟಯರಿಗೆ ಮಣ್ಣಿನದ್ದೇ ಇನ್ನೊಂದು ಟಯರ್ ಮೆತ್ತಿಕೊಳ್ಳುತ್ತದೆ.

ಮಾದರಿ ತೆಗೆಯುವುದರಲ್ಲಿ ನಾನು ಮಾಡಿದ ಪೆದ್ದುತನ ಹೇಳಿಬಿಡುತ್ತೇನೆ. ಎರಡೂ ಬದಿ ಒಂದೇ ಆಕಾರ ಬರಬೇಕಾದರೆ ಒಂದು ಬದಿಯ ಅಚ್ಚು ಕತ್ತರಿಸಿ, ಅದನ್ನೇ ಮಗುಚಿ ಇನ್ನೊಂದು ಬದಿಗೆ ಇಡಬೇಕು. ಅಂಗಳದಲ್ಲಿ ಅಡಿಕೆ ಹಾಳೆ ಬಿದ್ದಿತ್ತು. ನೀರಲ್ಲಿ ನೆನೆಸಿದರೆ ಬಟ್ಟೆಯ ಹಾಗೆ ಬಾಗುತ್ತದಲ್ಲ, ಮಡ್ಗಾರ್ಡಿನ ಉಬ್ಬಿಗೆ ಚಂದ ಕೂತಿತು. ಬೆಳಿಗ್ಗೆ ಬಲಬದಿ ಗೆರೆ ಹಾಕಿದೆ. ಊಟ ಮಾಡಿ ಬಂದು ಎಡಬದಿಗೆ ಇಟ್ಟೆ. ಅಷ್ಟರಲ್ಲಿ ಬಿಸಿಲಿಗೆ ಹಾಳೆ ಮುರುಟಿ ಸಣ್ಣದಾಗಿತ್ತು. ನಾನು ಗಮನಿಸಲಿಲ್ಲ. ಈಗಲೂ ಎಡಗಡೆಯ ಬಾಗು ಬಲಗಡೆಗಿಂತ ಅರ್ಧ ಇಂಚು ತಗ್ಗು. ನೀವು ರಟ್ಟು ಬಳಸಿ. ಫ್ರಿಜ್ ಬಂದ ಪೆಟ್ಟಿಗೆಯದ್ದಾದರೆ ಒಳ್ಳೆಯದು. ಅಚ್ಚನ್ನು ಕಣ್ಣಂದಾಜಿನಲ್ಲಿ ಇಡಬೇಡಿ, ಎರಡೂ ಬದಿಯಲ್ಲಿ ಒಂದೇ ಬೋಲ್ಟಿನ ತೂತಿನಿಂದ ಟೇಪ್ ಹಿಡಿದು ಅಳೆಯಿರಿ.

ಬ್ಯಾಟರಿಯ ನೆಗೆಟಿವ್ ಬಿಡಿಸಿ. ಮಡ್ಗಾರ್ಡಿನ ಅಡಿಯಲ್ಲಿ ಇಂಡಿಕೇಟರ್ ವಯರ್ ಎಲ್ಲಿ ಹೋಗಿದೆ ಅಂತ ಕೈ ಹಾಕಿ ತಡಕಿ, ಬದಿಗೆ ಕಟ್ಟಿ. ಮುಂಡು, ಲುಂಗಿ, ಹೆಗಲ ಮೇಲಿನ ಬೈರಾಸು ಯಾವುದೂ ಬೇಡ. ತಗಡು ಕತ್ತರಿಸುವ ಗ್ರೈಂಡರಿಗೆ ಬಟ್ಟೆ ಅಂದರೆ ಪ್ರೀತಿ. ಪ್ಯಾಂಟು, ಮುಚ್ಚಿದ ಚಪ್ಪಲಿ, ಕಣ್ಣಿಗೆ ಕನ್ನಡಕ. ಗಾಜಿಗೆ ಒದ್ದೆ ಗೋಣಿ ಹೊದಿಸಿ, ಕಿಡಿ ತಾಗಿದ ಗಾಜಿನಲ್ಲಿ ಕೂತ ಚುಕ್ಕೆ ಯಾವತ್ತೂ ಹೋಗುವುದಿಲ್ಲ.

ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದರೆ ಜೀಪನ್ನು ಕೊಟ್ಟಿಗೆಯ ಹಿಂದಕ್ಕೆ ಒಯ್ಯಿರಿ. ಕಿಡಿ ಬಿದ್ದರೆ ಒಣಸಿಪ್ಪೆ ಹೊಗೆಯಾಡುವುದು ಒಂದು. ಕಬ್ಬಿಣದ ಪುಡಿ ಸಿಮೆಂಟಿನ ಮೇಲೆ ಉಳಿದು, ರಾತ್ರಿಯ ಇಬ್ಬನಿಗೆ ತುಕ್ಕು ಕಲೆ ಎದ್ದು ಅಮ್ಮನಿಂದ ಬೈಗುಳ ತಿನ್ನುವುದು ಇನ್ನೊಂದು.

ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ನಾಲ್ಕು ಇಂಚಿನ ಗ್ರೈಂಡರಿಗೆ ಒಂದು ಮಿಲಿಮೀಟರ್ ದಪ್ಪದ ಕಟ್ಟಿಂಗ್ ವೀಲ್ ಸಾಕು, ಗ್ರೈಂಡರಿನ ವೀಲಿಗೆ ಮುಚ್ಚಿದ ಗಾರ್ಡ್ ತೆಗೆಯಬೇಡಿ. ಗೆರೆ ಎಲ್ಲಿ ಮೂಲೆಯಾಗಿ ತಿರುಗುತ್ತದೋ ಅಲ್ಲಿ ಮೊದಲೇ 8 ಮಿಲಿಮೀಟರ್ ತೂತು ಕೊರೆಯಿರಿ. ಚೂಪು ಮೂಲೆ ಬಿಟ್ಟರೆ ಗಾಡಿಯ ಕುಲುಕಾಟಕ್ಕೆ ತಗಡಿನ ಬಿರುಕು ಅಲ್ಲಿಂದಲೇ ಶುರು. ಬಾಗಿನಲ್ಲಿ ವೀಲನ್ನು ತಿರುಗಿಸಲು ಹೋಗಬೇಡಿ, ಸಿಡಿಯುತ್ತದೆ. ಒಂದೊಂದು ಇಂಚಿನ ನೇರ ತುಂಡುಗಳಾಗಿ ಕತ್ತರಿಸಿ, ಮೂಲೆಗಳನ್ನು ಆಮೇಲೆ ಫ್ಲ್ಯಾಪ್ ವೀಲಿನಲ್ಲಿ (ಉಪ್ಪುಕಾಗದದ ಪದರಗಳಿರುವ ವೀಲ್) ಸವೆಸಿ ಬಾಗು ಮಾಡಿಕೊಳ್ಳಿ. ತಗಡು ಕಂಪಿಸಿದರೆ ಹಿಂದಿನಿಂದ ಒಂದು ಮರದ ರೀಪು ಕ್ಲಾಂಪ್ ಮಾಡಿ. ಒತ್ತುವುದು ಬೇಡ, ಗ್ರೈಂಡರಿನ ಭಾರವೇ ಸಾಕು. ಪೇಂಟ್ ಗುಳ್ಳೆ ಎದ್ದರೆ ನೀವು ಅವಸರ ಮಾಡಿದ್ದೀರಿ ಅಂತ ಅರ್ಥ.

ಮೊದಲ ಸಲ ಗೆರೆಯವರೆಗೆ ಹೋಗಲೇಬೇಡಿ. ಗೆರೆಗಿಂತ ಅರ್ಧ ಇಂಚು ಈಚೆಗೇ, ಟಯರಿನ ಬದಿಗೆ ಕತ್ತರಿಸಿ, ಪುನಃ ಸುಣ್ಣ ಬಳಿದು, ಪುನಃ ದರೆಗೆ ಹತ್ತಿಸಿ. ನನ್ನ ಜೀಪಿನ ಮುಂದಿನ ತುದಿಯಲ್ಲಿ ಆ ಮೊದಲ ಸಲ ಕತ್ತರಿಸಿದ್ದೇ ಸಾಕಾಯಿತು.

ಕಂಪೆನಿಯವರು ಅಂಚನ್ನು ಒಳಕ್ಕೆ ಮಡಚಿರುವುದು ಸುಮ್ಮನೆ ಅಲ್ಲ, ಆ ಮಡಿಕೆಯೇ ತಗಡಿಗೆ ಬೆನ್ನೆಲುಬು. ಅದನ್ನು ಕತ್ತರಿಸಿ ಎಸೆದರೆ ಮಡ್ಗಾರ್ಡ್ ಹಪ್ಪಳದ ಹಾಗೆ ಅದುರುತ್ತದೆ. ಅದಕ್ಕೆ ಹಿಂದಿನ ಮೂಲೆಯಲ್ಲಿ ಮುಕ್ಕಾಲು ಇಂಚು ಹೆಚ್ಚು ಉಳಿಸಿ, ಒಂದೂವರೆ ಇಂಚಿಗೊಂದು ಸೀಳು ಕೊಟ್ಟು, ಹಿಂದೆ ಮರದ ತುಂಡು ಹಿಡಿದು ಕೊಡತಿಯಿಂದ ಒಳಕ್ಕೆ ಬಡಿದೆ. ಒಂದೇ ಏಟಿಗೆ ಅಲ್ಲ, ಈ ತುದಿಯಿಂದ ಆ ತುದಿಗೆ ನಾಲ್ಕೈದು ಸುತ್ತು, ಪ್ರತಿ ಸುತ್ತಿಗೆ ಸ್ವಲ್ಪ ಸ್ವಲ್ಪ. ಬಡಿಯಲು ಧೈರ್ಯ ಇಲ್ಲದಿದ್ದರೆ ವೆಲ್ಡಿಂಗಿನವರಿಂದ 6 ಮಿಲಿಮೀಟರ್ ಸರಳು ಅಂಚಿಗೆ ಅಲ್ಲಲ್ಲಿ ಟಾಕಾ ಹಾಕಿಸಿ.

ಅಂಚನ್ನು ಅರದಿಂದ ಉಜ್ಜಿ, ಬೆರಳಿಗೆ ತಾಗದ ಹಾಗೆ ಮಾಡಿ. ಅದೇ ದಿನ, ಹೌದು ಅದೇ ದಿನ, ಥಿನ್ನರಿನಲ್ಲಿ ಒರೆಸಿ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ನಮ್ಮ ಹವೆಯಲ್ಲಿ ಬರಿ ತಗಡು ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ಸೀಳುಗಳ ಒಳಗೆ ಸೀಲರ್ ತುಂಬಿ, ಮೇಲೆ ಎರಡು ಕೋಟ್ ಪೇಂಟ್.

ಅಂಚಿಗೆ ಸಿಕ್ಕಿಸುವ ಪಟ್ಟಿ (ಬೀಡಿಂಗ್) ಕೊಳ್ಳಲಿಲ್ಲ. ತೋಟದ ಡ್ರಿಪ್ಪಿನ 16 ಮಿಲಿಮೀಟರ್ ಕಪ್ಪು ಪೈಪನ್ನು ಉದ್ದಕ್ಕೆ ಸೀಳಿ, ಬಿಸಿನೀರಿಗೆ ಅದ್ದಿ, ಮೆತ್ತಗಾದಾಗ ಸಿಕ್ಕಿಸಿದೆ. ಎಡಬದಿಯ ಅರ್ಧ ಇಂಚಿನ ತಗ್ಗನ್ನೂ ಅದು ಸ್ವಲ್ಪ ಮರೆಸಿತು. ಪೈಪಿನ ತಳದಲ್ಲಿ ನೀರಿಳಿಯಲು ಗೇಣಿಗೊಂದು ತೂತು ಬೇಕು.

ಕಾನೂನಿನ ವಿಷಯ: ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರ ಕಂಪೆನಿ ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. ಕೇರಳದಲ್ಲಿ ಇದರ ತಪಾಸಣೆ ಬಿಗಿ. ಟಯರ್ ಅಳತೆ ಬದಲಿಸುವ ಮೊದಲೇ ಆರ್‌ಟಿಒ ಆಫೀಸಿನಲ್ಲಿ ಕೇಳಿ. ನಾನು ಆಮೇಲೆ ಕೇಳಿದೆ, ಅದಕ್ಕೇ ಹಳೆಯ ಟಯರ್ ನಾಲ್ಕೂ ಅಟ್ಟದಲ್ಲಿ ಉಂಟು. ಟಯರ್ ಮಡ್ಗಾರ್ಡಿನಿಂದ ಹೊರಗೆ ಇಣುಕುವಷ್ಟು ಅಂತೂ ಕತ್ತರಿಸಬೇಡಿ. ಹಿಂದೆ ಬೈಕಿನಲ್ಲಿ ಬರುವವರ ಮುಖಕ್ಕೆ ಕಲ್ಲು ಹಾರುತ್ತದೆ.

ಜೂನಿನ ಮೊದಲ ಮಳೆ ಬಂದು ಹೋದ ವಾರದಲ್ಲಿ ಪೈಪನ್ನು ಒಮ್ಮೆ ಬಿಡಿಸಿ ನೋಡಿ. ನನಗೆ ಎರಡು ಸೀಳುಗಳಲ್ಲಿ ಕೆಂಪು ಕಂಡಿತು. ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಮುಟ್ಟಿಸಿ, ಪೈಪ್ ಪುನಃ ಸಿಕ್ಕಿಸಿದೆ. ಹತ್ತು ನಿಮಿಷದ ಕೆಲಸ.